ಬಿಳಿ ಬಣ್ಣದ ಅಂಗಡಿಯವನ ಹಲ್ಲು

ಬಿಳಿ ಎಂದರೆ ಒಂದೇ ಬಿಳಿ ಎಂದು ತಿಳಿದವರು ಒಮ್ಮೆ ನನ್ನ ಅಂಗಡಿಗೆ ಬರಬೇಕು. ಬಳ್ಳಾರಿಯಲ್ಲಿ ನನ್ನದೊಂದು ಬಣ್ಣದ ಅಂಗಡಿ ಇದೆ. ಗೋಡೆಯ ಬಣ್ಣ, ಬಾಗಿಲಿನ ಬಣ್ಣ, ಪುಟ್ಟಿ, ಪ್ರೈಮರ್, ಬ್ರಷ್ಷು, ಸ್ಯಾಂಡ್ ಪೇಪರ್ ಎಲ್ಲ ಸಿಗುತ್ತವೆ. ಗಿರಾಕಿಗಳು ಬಂದು ಸುಮ್ಮನೆ ‘ಬಿಳಿ ಕೊಡ್ರಿ’ ಎನ್ನುತ್ತಾರೆ. ನಾನು ಶೇಡ್ ಕಾರ್ಡ್ ಬಿಚ್ಚಿ ಅವರ ಮುಂದೆ ಹರಡುತ್ತೇನೆ. ಹಾಲಿನ ಬಿಳಿ, ಮುತ್ತಿನ ಬಿಳಿ, ಮಲ್ಲಿಗೆ ಬಿಳಿ, ಸ್ವಲ್ಪ ನೀಲಿಯ ಕಡೆಗೆ ವಾಲಿದ್ದು, ಸ್ವಲ್ಪ ಹಳದಿಯ ಕಡೆಗೆ ವಾಲಿದ್ದು. ಗಂಡ ಒಂದು ಬಿಳಿಗೆ ಬೆರಳಿಟ್ಟರೆ ಹೆಂಡತಿ ಅದರ ಪಕ್ಕದ ಬಿಳಿಗೆ ಬೆರಳಿಡುತ್ತಾಳೆ. ಅರ್ಧ ಗಂಟೆ ಚರ್ಚೆಯಾಗುತ್ತದೆ. ಕೊನೆಗೆ ಹೆಂಡತಿ ಹೇಳಿದ ಬಿಳಿಯೇ ಆಟೋ ಹತ್ತಿ ಮನೆಗೆ ಹೋಗುತ್ತದೆ.

ಇಷ್ಟೊಂದು ಬಿಳಿ ಮಾರುವ ನನ್ನ ಬಾಯಲ್ಲಿ ಮಾತ್ರ ಒಂದೂ ಬಿಳಿ ಇರಲಿಲ್ಲ. ನನ್ನ ಮುಂದಿನ ಹಲ್ಲುಗಳ ಬಣ್ಣಕ್ಕೆ ಶೇಡ್ ಕಾರ್ಡಿನಲ್ಲಿ ಹೆಸರೇ ಇಲ್ಲ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಕನ್ನಡಿ ಹಿಡಿದು ನಾನೇ ಹುಡುಕಿ ನೋಡಿದ್ದೇನೆ. ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಬಣ್ಣ, ಅದರ ಮೇಲೆ ಅಲ್ಲಲ್ಲಿ ಸುಣ್ಣದಂಥ ಚುಕ್ಕೆ, ನಡುವೆ ಅಡ್ಡಡ್ಡಕ್ಕೆ ಕಂದು ಪಟ್ಟೆ. ಯಾರಾದರೂ ಗಿರಾಕಿ ತಮ್ಮ ಮನೆಯ ಗೋಡೆ ಹೀಗಾಗಿದೆ ಎಂದು ಫೋಟೋ ತೋರಿಸಿದ್ದರೆ, ‘ತೇವ ಹಿಡದೈತ್ರಿ, ಎಲ್ಲಾ ಕೆರದು ಮತ್ತ ಪುಟ್ಟಿ ಎಳಸ್ರಿ’ ಎಂದು ಹೇಳಿ ಕಳಿಸುತ್ತಿದ್ದೆ.

ಹೀಗಾಗಿ ನಾನು ಹಲ್ಲು ಬಿಟ್ಟು ನಗುವ ಗೋಜಿಗೇ ಹೋದವನಲ್ಲ. ನಗು ಬಂದರೆ ತುಟಿ ಬಿಗಿದು, ಮೂಗಿನಿಂದ ಒಂದಿಷ್ಟು ಗಾಳಿ ಬಿಟ್ಟು ಮುಗಿಸುತ್ತಿದ್ದೆ. ಇದರಿಂದ ವ್ಯಾಪಾರಕ್ಕೆ ಒಳ್ಳೆಯದೇ ಆಯಿತೆನ್ನಿ. ‘ಖಾಜಾ ಸಾಬ್ರ ಹತ್ರ ಚೌಕಾಶಿ ನಡಿಯಂಗಿಲ್ರಿ, ಭಾಳ ಬಿಗಿ ಮನಷ್ಯಾ’ ಎಂದು ಹೆಸರಾಗಿಬಿಟ್ಟಿತು. ಒಳಗೊಳಗೇ ನಾನು ದರ ಇಳಿಸಲು ತಯಾರಾಗಿ ನಿಂತಿದ್ದರೂ, ನನ್ನ ಮುಖ ನೋಡಿ ಎಷ್ಟೋ ಜನ ಕೇಳದೇ ಹೋಗಿದ್ದಾರೆ.

ಎಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತು. ನಡುವೆ ನನ್ನ ಮಗಳು ಶಾಹೀನಾಳಿಗೆ ಅಂಗಡಿಯ ಪ್ರಚಾರ ಮಾಡುವ ಹುಮ್ಮಸ್ಸು ಬಂತು. ಡಿಗ್ರಿ ಓದುವ ಹುಡುಗಿ. ಈಗಿನ ಕಾಲದಲ್ಲಿ ಬೋರ್ಡು ಬರೆಸಿದರೆ ಸಾಲದು, ಮೊಬೈಲಿನಲ್ಲಿ ವಿಡಿಯೋ ಹಾಕಬೇಕು ಎಂದಳು. ಒಂದು ಭಾನುವಾರ ನನ್ನನ್ನು ಡಬ್ಬಿಗಳ ಮುಂದೆ ನಿಲ್ಲಿಸಿದಳು.

“ಅಪ್ಪಾ, ಬಿಳಿ ಬಣ್ಣದಾಗ ಎಷ್ಟ್ ನಮೂನಿ ಅದಾವ ಅಂತ ಹೇಳು. ನಕ್ಕೊಂತ ಹೇಳು. ಮೂಗಿಲೆ ನಗಬ್ಯಾಡ, ಬಾಯಿಲೆ ನಗು.”

ನಕ್ಕೆ. ಮಗಳು ಹೇಳಿದ ಮೇಲೆ ನಗದೆ ಇರುವುದು ಹೇಗೆ? ಹಾಲಿನ ಬಿಳಿಯಿಂದ ಹಿಡಿದು ಮಲ್ಲಿಗೆ ಬಿಳಿಯವರೆಗೆ ಎಲ್ಲವನ್ನೂ ನಗುತ್ತಲೇ ವರ್ಣಿಸಿದೆ. ಅವಳು ಅದಕ್ಕೆ ಸಂಗೀತ ಸೇರಿಸಿ ಹಾಕಿದಳು. ಸಂಜೆಯ ಹೊತ್ತಿಗೆ ಊರೆಲ್ಲ ನೋಡಿತು. ಅದರ ಕೆಳಗೆ ಯಾರೋ ಪುಣ್ಯಾತ್ಮ ಬರೆದಿದ್ದ: ‘ಮೊದ್ಲು ನಿನ್ ಹಲ್ಲಿಗೆ ಎರಡು ಕೋಟ್ ಹೊಡ್ಕ ಅಣ್ಣಾ.’ ಅದರ ಕೆಳಗೆ ನಗುವ ಮುಖಗಳ ಸಾಲೇ ಇತ್ತು. ಒಬ್ಬ ತೆಲುಗಿನಲ್ಲಿ, ಇನ್ನೊಬ್ಬ ಉರ್ದುವಿನಲ್ಲಿ, ಹೀಗೆ ಬಳ್ಳಾರಿಯ ಎಲ್ಲ ಭಾಷೆಗಳಲ್ಲೂ ನನ್ನ ಹಲ್ಲಿನ ಬಗ್ಗೆ ಅಭಿಪ್ರಾಯ ಬಂದಿತ್ತು. ಗುಟ್ಕಾ ಬಿಡು ಎಂದು ಬುದ್ಧಿ ಹೇಳಿದವರೂ ಇದ್ದರು. ನಾನು ಜನ್ಮದಲ್ಲಿ ಗುಟ್ಕಾ ಮುಟ್ಟಿದವನಲ್ಲ.

ನನಗೆ ಅಂಥ ಬೇಜಾರಾಗಲಿಲ್ಲ. ಎರಡು ಕೋಟ್ ಎಂದು ಬರೆದವನು ನಿಜವಾಗಿ ಪೇಂಟಿಂಗ್ ಕೆಲಸ ಬಲ್ಲವನಿರಬೇಕು ಎಂದುಕೊಂಡೆ. ಆದರೆ ಶಾಹೀನಾ ವಿಡಿಯೋ ಅಳಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ನನ್ನ ಹೆಂಡತಿ ರಜಿಯಾ ಬಾಗಿಲು ಬಡಿದು ಬಡಿದು ಸುಸ್ತಾಗಿ ಬಂದು ನನ್ನ ಮುಂದೆ ಕುಳಿತಳು.

“ಏನ್ರಿ, ಸಣ್ಣವರಿದ್ದಾಗ ನೀವು ಹಲ್ಲ ತಿಕ್ಕತಿದ್ದಿಲ್ಲೇನು?” ಎಂದಳು.

ಈ ಪ್ರಶ್ನೆ ನನಗೆ ಹೊಸದಲ್ಲ. ಬುದ್ಧಿ ಬಂದಾಗಿನಿಂದ ಕೇಳಿಸಿಕೊಂಡು ಬೆಳೆದ ಪ್ರಶ್ನೆ ಇದು. ಕೇಳುತ್ತಿದ್ದವಳು ನಮ್ಮವ್ವ.

ನಾನು ಬೆಳೆದದ್ದು ರಾರಾವಿಯಲ್ಲಿ. ಅಪ್ಪ ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದರು. ಬೆಳಗಾದರೆ ಓಣಿಯವರೆಲ್ಲ ಮನೆಮುಂದಿನ ಕಟ್ಟೆಗೆ ಬಂದು ಹಲ್ಲು ತಿಕ್ಕುವ ರೂಢಿ. ತಿಕ್ಕುತ್ತಲೇ ಊರಿನ ಸುದ್ದಿ ಮಾತಾಡುವುದು, ಉಗುಳುವುದು, ಮತ್ತೆ ಮಾತಾಡುವುದು. ಅಜ್ಜನ ಕೈಯಲ್ಲಿ ಮಿಸ್ವಾಕ್ ಕಡ್ಡಿ. ಅದರ ತುದಿ ಜಜ್ಜಿ ಬ್ರಷ್ಷಿನಂತೆ ಮಾಡಿಕೊಂಡು ಒಂದೊಂದು ಹಲ್ಲನ್ನೂ ಮಾತಾಡಿಸುತ್ತಿದ್ದ. ನಮಗೆ ಒಲೆಯ ಬೂದಿ. ಬೂದಿಯಿಂದ ಉಪಯೋಗವಿಲ್ಲ ಎಂದು ಅವ್ವ ಇದ್ದಿಲಿಗೆ ಉಪ್ಪು ಬೆರೆಸಿ ಕುಟ್ಟಿ ಕೊಟ್ಟಳು. ಅದರಿಂದಲೂ ನನ್ನ ಕಲೆ ಹೋಗದಿದ್ದಾಗ ಸುಟ್ಟ ಇಟ್ಟಿಗೆಯನ್ನು ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ, ತನ್ನ ಎರಡು ಮೊಣಕಾಲುಗಳ ನಡುವೆ ನನ್ನ ತಲೆ ಸಿಕ್ಕಿಸಿಕೊಂಡು ತಾನೇ ತಿಕ್ಕಿದಳು. ವಸಡಿನಿಂದ ರಕ್ತ ಬರುತ್ತಿತ್ತು. ಕಲೆ ಮಾತ್ರ ಅಲ್ಲೇ ಇರುತ್ತಿತ್ತು.

“ತಿಕ್ಕಿದಿ ಏನಲೇ?”

“ತಿಕ್ಕೀನವ್ವ.”

“ಸುಳ್ಳ ಬೊಗಳಬ್ಯಾಡ. ತಿಕ್ಕಿದ್ರ ಹಿಂಗ್ಯಾಕ ಅದಾವ?”

“ಹುಡುಗ ತಿಕ್ಕ್ಯಾನವ್ವ, ನಾ ನೋಡೀನಿ,” ಎಂದು ಅಜ್ಜ ಕಟ್ಟೆಯಿಂದಲೇ ಸಾಕ್ಷಿ ಹೇಳುತ್ತಿದ್ದ.

“ನೀವು ಯಾವತ್ತಿದ್ರೂ ಮೊಮ್ಮಗನ ಕಡಿಗೇ ಮಾತಾಡ್ತೀರಿ ಮಾವಾ,” ಎಂದು ಅವ್ವ ಆ ಸಾಕ್ಷಿಯನ್ನು ತಳ್ಳಿಹಾಕಿ ನನ್ನ ಬೆನ್ನಿಗೊಂದು ಕೊಡುತ್ತಿದ್ದಳು.

ನಮ್ಮ ಅಕ್ಕ ಹುಸೇನಮ್ಮನಿಂದಾಗಿ ನನ್ನ ಕಷ್ಟ ಇನ್ನೂ ಹೆಚ್ಚಾಗಿತ್ತು. ಅಕ್ಕ ಬೆಳೆದದ್ದು ಕುರುಗೋಡಿನಲ್ಲಿ, ಅವ್ವನ ತವರಿನಲ್ಲಿ. ರಜೆಗೆ ಬಂದಾಗ ಅವಳು ಬಾಯಿ ತೆರೆದರೆ ಮುತ್ತು ಪೋಣಿಸಿದಂಥ ಹಲ್ಲು. ಅವ್ವ ನಮ್ಮಿಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ, “ನೋಡು ಆಕಿನ್ನ. ದಿನಾ ತಿಕ್ಕತಾಳ. ನಿನ್ನಂಗ ಮೈಗಳ್ಳಿ ಅಲ್ಲ,” ಎನ್ನುತ್ತಿದ್ದಳು. ಅಕ್ಕ ಇನ್ನಷ್ಟು ನಗುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳು ಎಷ್ಟೋ ದಿನ ಬರೀ ಬಾಯಿ ಮುಕ್ಕಳಿಸಿ ಚಹಾಕ್ಕೆ ಕೂಡುತ್ತಿದ್ದಳು. ನಾನು ಕಣ್ಣಾರೆ ಕಂಡಿದ್ದೇನೆ. ನಾನೋ ಬೆಳಿಗ್ಗೆ ಒಮ್ಮೆ, ಅವ್ವನ ಅಂಜಿಕೆಗೆ ಸಂಜೆ ಇನ್ನೊಮ್ಮೆ ತಿಕ್ಕುತ್ತಿದ್ದೆ. ಆ ವಯಸ್ಸಿನಲ್ಲಿ ನನ್ನನ್ನು ಬಡಿದದ್ದಕ್ಕಿಂತ ನಂಬದೇ ಇದ್ದದ್ದು ನನಗೆ ಹೆಚ್ಚು ನೋಯುತ್ತಿತ್ತು. ಅದನ್ನು ಈಗಲೂ ಮರೆತಿಲ್ಲ.

ನಮ್ಮ ಕಡೆಯ ನಾಲ್ಕಾರು ಮನೆಗಳ ಹುಡುಗರ ಹಲ್ಲೂ ನನ್ನಂತೆಯೇ ಇದ್ದವು. ಅವ್ವನ ಲೆಕ್ಕದಲ್ಲಿ ನಾವೆಲ್ಲ ಒಂದೇ ಗುಂಪಿನ ಸೋಮಾರಿಗಳು. ಕೂಡಿ ಆಡುತ್ತಿದ್ದೆವಲ್ಲ, ಹೀಗಾಗಿ ಒಬ್ಬರನ್ನು ನೋಡಿ ಒಬ್ಬರು ಕೆಟ್ಟಿದ್ದೇವೆ ಎಂದು ಅವಳ ತೀರ್ಮಾನ.

ಇರಲಿ, ಈಗಿನ ವಿಷಯಕ್ಕೆ ಬರುತ್ತೇನೆ. ಮಗಳು ಅತ್ತ ಮೇಲೆ ನಾನು ಹಲ್ಲು ಬೆಳ್ಳಗೆ ಮಾಡಿಕೊಳ್ಳುವುದೆಂದು ನಿರ್ಧರಿಸಿದೆ. ಬಣ್ಣದ ವ್ಯಾಪಾರಿಗೆ ಇದೇನು ಮಹಾ ಕೆಲಸ ಎಂಬ ಧೈರ್ಯ ಬೇರೆ. ಮೊಬೈಲಿನಲ್ಲಿ ಹುಡುಕಿದರೆ ಸಾವಿರ ದಾರಿ. ಒಬ್ಬಳು ಅಡುಗೆ ಸೋಡಾಕ್ಕೆ ನಿಂಬೆಹಣ್ಣು ಹಿಂಡು ಎಂದಳು. ಹಿಂಡಿದೆ. ನೊರೆ ಬಂತು, ಬಾಯೆಲ್ಲ ಹುಳಿಯಾಯಿತು. ಇನ್ನೊಬ್ಬ ಬಾಳೆಹಣ್ಣಿನ ಸಿಪ್ಪೆ ತಿಕ್ಕು ಎಂದ. ಅದನ್ನೂ ಮಾಡಿದೆ. ಆಮೇಲೆ ಕರಿ ಡಬ್ಬಿಯಲ್ಲಿ ಇದ್ದಿಲ ಪುಡಿ ತರಿಸಿದೆ. ಮುಚ್ಚಳ ತೆಗೆದು ಮೂಸಿದರೆ ರಾರಾವಿಯ ಒಲೆಯದೇ ಘಾಟು. ಅವ್ವ ಪುಕ್ಕಟೆ ಕೊಡುತ್ತಿದ್ದುದನ್ನು ಈಗ ಚಂದದ ಡಬ್ಬಿಗೆ ತುಂಬಿದ್ದಾರೆ ಅಷ್ಟೇ.

ಕೊನೆಗೆ ಒಂದು ನೀಲಿ ಬೆಳಕಿನ ಯಂತ್ರವೂ ಬಂತು. ಹಲ್ಲಿಗೆ ಏನೋ ಜೆಲ್ ಬಳಿದು, ರಬ್ಬರಿನ ತುಂಡನ್ನು ಕಚ್ಚಿ ಹಿಡಿದು, ಅದರ ತುದಿಯ ದೀಪ ಹಚ್ಚಿಕೊಂಡು ಕೂಡಬೇಕು. ನಾನು ಹಾಗೆ ಕೂತಿದ್ದಾಗ ರಜಿಯಾ ಕೋಣೆಯೊಳಗೆ ಬಂದು, “ಯಾ ಅಲ್ಲಾ! ಬಾಯಾಗ ಬಲ್ಬ್ ಯಾಕ ಇಟ್ಕಂಡೀರಿ!” ಎಂದು ಕೂಗಿದಳು. ಬಾಯಲ್ಲಿ ಬಲ್ಬ್ ಇದ್ದವನು ಉತ್ತರ ಕೊಡುವುದಾದರೂ ಹೇಗೆ? ಕೈಸನ್ನೆ ಮಾಡಿದೆ. ಅವಳು ಅದನ್ನು ಮೂರ್ಛೆ ಎಂದು ತಿಳಿದು ನೀರು ತರಲು ಓಡಿದಳು.

ನಾನು ಮಾಡಿದ ದೊಡ್ಡ ತಪ್ಪು ಮಾತ್ರ ಬೇರೆ. ಅದು ನನ್ನ ಕಸುಬಿನ ತಪ್ಪು. ಹಳೆಯ ಗೋಡೆಯನ್ನು ಚೆನ್ನಾಗಿ ತಿಕ್ಕದೆ ಬಣ್ಣ ಹತ್ತುವುದಿಲ್ಲ ಎಂದು ನಾನು ದಿನವೂ ಹೇಳುವವನು. ಕಲೆ ಹೋಗಿಲ್ಲವೆಂದರೆ ತಿಕ್ಕಿದ್ದು ಸಾಲದು ಎಂದೇ ನನ್ನ ನಂಬಿಕೆ. ಇದ್ದಿಲ ಪುಡಿಯನ್ನು ಗಟ್ಟಿ ಬ್ರಷ್ಷಿಗೆ ಹಾಕಿಕೊಂಡು, ಶೇಡ್ ಕಾರ್ಡನ್ನು ಕನ್ನಡಿಗೆ ಸಿಕ್ಕಿಸಿ, ಬೆಳಿಗ್ಗೆ ಸಂಜೆ ಉಜ್ಜಿದ್ದೇ ಉಜ್ಜಿದ್ದು. ಒಂದು ದಿನ ಮಡಕೆಯ ನೀರು ಬಾಯಿಗೆ ಹಾಕಿದರೆ ತಲೆಯವರೆಗೆ ಜುಂ ಎಂದಿತು. ಮಜ್ಜಿಗೆ ಕುಡಿದರೂ ಜುಂ, ಗಾಳಿ ಎಳೆದುಕೊಂಡರೂ ಜುಂ. ಕಂದು ಪಟ್ಟೆ ಇದ್ದಲ್ಲೇ ಇತ್ತು. ಶಾಹೀನಾ ಕರಿ ಡಬ್ಬಿಯನ್ನು ಕಸದ ಗಾಡಿಗೆ ಹಾಕಿ, ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಪಾರ್ವತಿನಗರದ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಬಾಯಿ ತೆರೆಯಿರಿ ಎಂದರು, ಸಣ್ಣ ಕನ್ನಡಿ ಇಟ್ಟು ನೋಡಿದರು. ಗುಟ್ಕಾ ಹಾಕ್ತೀರಾ ಎಂದು ಕೇಳುತ್ತಾರೆಂದು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವರು ಕೇಳಿದ್ದೇ ಬೇರೆ.

“ಸಣ್ಣವರಿದ್ದಾಗ ಯಾವೂರಾಗ ಬೆಳದ್ರಿ?”

“ರಾರಾವಿ ರಿ. ಸಿರುಗುಪ್ಪ ತಾಲೂಕು.”

“ಹೊಳಿ ನೀರು ಕುಡೀತಿದ್ರೇನು, ಬೋರಿಂಗ್ ನೀರು ಕುಡೀತಿದ್ರೇನು?”

“ಬೋರಿಂಗ್ ರಿ.”

“ಅದಕ್ಕ. ಇದು ಹೊಲಸು ಕೂತದ್ದಲ್ಲ. ಕೆಲವು ಬೋರಿಂಗ್ ನೀರಾಗ ಫ್ಲೋರೈಡ್ ಜಾಸ್ತಿ ಇರ್ತೈತಿ. ಹಲ್ಲು ಒಳಗ ತಯಾರಾಗೋ ವಯಸ್ಸಿನ್ಯಾಗ ಅಂಥ ನೀರು ಕುಡದ್ರ, ಹುಟ್ಟೋ ಹಲ್ಲು ಬಣ್ಣ ಹಿಡ್ಕೊಂಡ ಹುಟ್ತಾವ. ನೀವು ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ತಿಕ್ಕಿ ತಿಕ್ಕಿ ನೀವು ಮ್ಯಾಲಿನ ಪದರಾನ ಸವಸೀರಿ ನೋಡ್ರಿ.”

ಆಮೇಲೆ ಅವರು ಬಹಳ ಹೇಳಿದರು. ಚಹಾ, ಎಲೆಅಡಿಕೆಯ ಕಲೆ ಹೊರಗಿನದು, ಒಮ್ಮೆ ಸ್ವಚ್ಛ ಮಾಡಿದರೆ ಹೋಗುತ್ತದೆ. ನನ್ನದು ಒಳಗಿನದು. ಕ್ಲಿನಿಕ್ಕಿನಲ್ಲೇ ವಸಡಿಗೆ ಮುಚ್ಚುಗೆ ಹಚ್ಚಿ, ಹಲ್ಲಿಗೆ ಬ್ಲೀಚಿನ ಜೆಲ್ ಬಳಿದು ಬಣ್ಣ ಇಳಿಸಬಹುದು. ಅದು ಬೇಗ ಆಗುತ್ತದೆ, ಖರ್ಚು ಹೆಚ್ಚು. ಇಲ್ಲವೇ ನನ್ನ ಹಲ್ಲಿನ ಅಚ್ಚು ತೆಗೆದು ತೆಳ್ಳನೆಯ ಒಂದು ಟ್ರೇ ಮಾಡಿಕೊಡುತ್ತಾರೆ. ಅದರಲ್ಲಿ ಸೌಮ್ಯವಾದ ಜೆಲ್ ಹಾಕಿಕೊಂಡು ಮನೆಯಲ್ಲೇ ಕೆಲವು ವಾರ ಇಟ್ಟುಕೊಳ್ಳಬೇಕು. ಕಂದು ಪಟ್ಟೆಗೆ ಒಂದು ಲೇಪ ಹಚ್ಚಿ ಕೂದಲೆಳೆಯಷ್ಟು ಪದರ ಉಜ್ಜಿ ತೆಗೆಯುವುದೂ ಉಂಟು. ಅದನ್ನು ಅವರೇ ಮಾಡಬೇಕು, ನಾನಲ್ಲ ಎಂದು ಎರಡು ಸಲ ಒತ್ತಿ ಹೇಳಿದರು. ಯಾವುದಕ್ಕೂ ಬಗ್ಗದಿದ್ದರೆ ಹಲ್ಲಿನ ಮೇಲೆ ಇನ್ನೊಂದು ತೆಳುವಾದ ಹೊದಿಕೆ ಕೂರಿಸುವುದು. “ನೀವು ಬಣ್ಣದ ಅಂಗಡಿಯವರು ಅದೀರಲ್ಲ, ಅದು ನಿಮ್ಮ ಟೈಲ್ಸ್ ಇದ್ದಂಗ,” ಎಂದರು. ಟೈಲ್ಸ್ ಮಾರುವವರು ನನ್ನ ಪಕ್ಕದ ಅಂಗಡಿಯವರು. ಅವರಿಗೆ ವ್ಯಾಪಾರ ಮಾಡಿಕೊಡಲು ನನಗೆ ಮನಸ್ಸಾಗಲಿಲ್ಲ.

ಕಡೆಗೆ ಡಾಕ್ಟರು ಡ್ರಾಯರಿನಿಂದ ಒಂದು ವಸ್ತು ತೆಗೆದರು. ಬೀಗದ ಕೈಗಳ ಗೊಂಚಲಿನ ಹಾಗೆ ಸಾಲಾಗಿ ಪಿಂಗಾಣಿಯ ಪುಟ್ಟ ಹಲ್ಲುಗಳು, ಒಂದೊಂದೂ ಒಂದೊಂದು ಬಿಳಿ. ಅದೂ ಶೇಡ್ ಕಾರ್ಡೇ! ನನಗೆ ನನ್ನ ಬಳಗದವರು ಸಿಕ್ಕಷ್ಟು ಖುಷಿಯಾಯಿತು. ನಾನು ಸೀದಾ ಎಲ್ಲಕ್ಕಿಂತ ಬೆಳ್ಳಗಿನದಕ್ಕೆ ಬೆರಳಿಟ್ಟೆ. ಡಾಕ್ಟರು ತಲೆಯಲ್ಲಾಡಿಸಿ, ನಿಮ್ಮ ವಯಸ್ಸಿಗೆ, ನಿಮ್ಮ ಮುಖಕ್ಕೆ ಅದು ಹೊಂದುವುದಿಲ್ಲವೆಂದು ಅದಕ್ಕಿಂತ ಕೆಳಗಿನದನ್ನು ತೋರಿಸಿದರು. ಶಾಹೀನಾ ಅದರ ಪಕ್ಕದ್ದಕ್ಕೆ ಬೆರಳಿಟ್ಟಳು. ಅವಳು ಹೇಳಿದ್ದೇ ಖಾಯಂ ಆಯಿತು.

ಹೊರಗೆ ಬಂದು ಸ್ಕೂಟಿಯ ಹತ್ತಿರ ನಿಂತಾಗ ನನಗೆ ಹಲ್ಲಿನ ಚಿಂತೆಯೇ ಇರಲಿಲ್ಲ. ಇದು ಹೊಲಸು ಕೂತದ್ದಲ್ಲ ಎಂದಿದ್ದರಲ್ಲ, ಅದೊಂದೇ ಮಾತು ಕಿವಿಯಲ್ಲಿತ್ತು. ಐವತ್ತು ದಾಟಿದ ಮನುಷ್ಯ, ಬೀದಿಯಲ್ಲಿ ನಿಂತು ಮೊಬೈಲ್ ತೆಗೆದು ಅವ್ವನಿಗೆ ಫೋನು ಹಚ್ಚಲು ಹೋದೆ. ‘ಅವ್ವಾ, ನಾ ತಿಕ್ಕತಿದ್ದೆ. ಡಾಕ್ಟ್ರೇ ಹೇಳ್ಯಾರ’ ಎಂದು ಈಗಿಂದೀಗಲೇ ಹೇಳಬೇಕಿತ್ತು. ಅವ್ವನ ಹೆಸರಿನ ಮೇಲೆ ಹೆಬ್ಬೆರಳಿಟ್ಟೆ. ಅಷ್ಟರಲ್ಲಿ, ಆ ನೀರು ತಂದವರು ಯಾರು ಎನ್ನುವುದು ನೆನಪಾಯಿತು.

ನಮ್ಮೂರಿಗೆ ಹೊಳೆ ಹತ್ತಿರ. ಊರಿನವರೆಲ್ಲ ಹೊಳೆಯ ನೀರನ್ನೇ ಕುಡಿಯುತ್ತಿದ್ದರು. ನನಗಿಂತ ಮೊದಲು ಹುಟ್ಟಿದ ಒಬ್ಬ ಅಣ್ಣ, ಇನ್ನೂ ನಡೆಯಲು ಕಲಿಯುವ ವಯಸ್ಸಿನಲ್ಲಿ, ಹೊಳೆಗೆ ಕೆಂಪು ನೀರು ಬಂದ ವರ್ಷ ವಾಂತಿಭೇದಿಯಾಗಿ ತೀರಿಕೊಂಡನಂತೆ. ಅವ್ವ ಅಂಜಿ ಅಕ್ಕನನ್ನು ಕುರುಗೋಡಿನ ತವರಿಗೆ ಕಳಿಸಿದಳು, ಅಲ್ಲಿ ಮನೆಯ ಹಿಂದೆಯೇ ಒಳ್ಳೆಯ ಬಾವಿ ಇತ್ತು. ಆಮೇಲೆ ಹುಟ್ಟಿದವನು ನಾನು. ನಾನು ಹುಟ್ಟಿದ ಮೇಲೆ ಊರ ಹೊರಗೆ, ಹೊಲಗಳ ದಂಡೆಗೆ ಸರ್ಕಾರದವರು ಕೈಪಂಪಿನ ಬೋರಿಂಗ್ ಹಾಕಿದರು. ಅದರ ನೀರು ಕನ್ನಡಿಯಷ್ಟು ತಿಳಿ. ನಮ್ಮ ಕಡೆಯ ನಾಲ್ಕಾರು ಮನೆಯವರು ಅದನ್ನೇ ಕುಡಿಯತೊಡಗಿದರು. ಹೊಳೆ ಮನೆಯ ಹಿಂದೆಯೇ ಇದ್ದರೂ ಅವ್ವ ಅಷ್ಟು ದೂರ ನಡೆದು ಹೋಗಿ, ಪಂಪು ಹೊಡೆದು, ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ತರುತ್ತಿದ್ದಳು. ಬಿಸಿಲಿರಲಿ ಜ್ವರವಿರಲಿ, ನನಗೆ ಹೊಳೆಯ ನೀರಿನ ಹನಿ ಮುಟ್ಟಿಸಲಿಲ್ಲ. ‘ನನ್ನ ಮಗಗ ಬೋರಿಂಗ್ ನೀರ ಕುಡಿಸಿ ಬೆಳಸೀನಿ’ ಎಂದು ಇವತ್ತಿಗೂ ಬಂದವರ ಮುಂದೆ ಹೇಳಿಕೊಳ್ಳುತ್ತಾಳೆ.

ಮೊಬೈಲನ್ನು ಜೇಬಿಗೆ ಹಾಕಿದೆ. ನಾನು ಸುಳ್ಳು ಹೇಳಿರಲಿಲ್ಲ ಎಂದು ತೋರಿಸಬೇಕಾದರೆ, ಅವಳು ಹೊತ್ತು ತಂದ ನೀರೇ ನನ್ನ ಹಲ್ಲು ಕೆಡಿಸಿತು ಎಂದು ಹೇಳಬೇಕು. ಎಂಬತ್ತರ ಹತ್ತಿರದ ಮುದುಕಿಗೆ ಇದನ್ನು ಹೇಳಿ ನಾನು ಗೆಲ್ಲುವುದೇನಿದೆ? ರಜಿಯಾ ಕೂಡ ಬೇಡವೆಂದಳು. ಅವ್ವ ಈಗ ಇರುವುದು ಸಿರುಗುಪ್ಪದಲ್ಲಿ, ಅಕ್ಕನ ಮನೆಯಲ್ಲಿ. ನಮ್ಮ ಮನೆಯ ಮೆಟ್ಟಿಲು ಹತ್ತಲಾರಳೆಂದು ಅಲ್ಲಿ ಇದ್ದಾಳೆ. ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ.

“ಹೇಳಬ್ಯಾಡ ತಮ್ಮಾ,” ಎಂದಳು ಅಕ್ಕ. “ಚಾದ ಕಲಿ ಅಂತ ಅಂದುಬಿಡು. ಆಕಿಗ್ಯಾಕ ಈಗ ಈ ಸಂಕಟ.” ಮತ್ತೆ, “ನನ್ನ ಹಲ್ಲು ಬಾವಿ ನೀರಿಂದ ಚಲೋ ಅದಾವ ಅಂದಂಗಾತು,” ಎಂದಳು. ಆ ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು.

ರಮಜಾನ್ ಶುರುವಾಗುವುದರೊಳಗೆ ಕೆಲಸ ಮುಗಿಯಬೇಕೆಂದು ಬೇಗ ಶುರುಮಾಡಿದೆವು. ರೋಜಾದ ಉಪವಾಸ ಹಿಡಿದು ಬಾಯಲ್ಲಿ ಜೆಲ್ ಇಟ್ಟುಕೊಂಡು ಕೂಡುವುದು ಬೇಡ ಎಂದು ರಜಿಯಾಳ ಹುಕುಂ. ಮೊದಲು ಜುಂ ಎನ್ನುವುದಕ್ಕೆ ಔಷಧಿಯ ಪೇಸ್ಟು, ಆಮೇಲೆ ಹಲ್ಲು ಸ್ವಚ್ಛ ಮಾಡುವುದು, ಆಮೇಲೆ ಪಟ್ಟೆ ಉಜ್ಜುವುದು, ಆಮೇಲೆ ಮನೆಯಲ್ಲಿ ಟ್ರೇ. ಮೊದಲ ವಾರ ಮನೆಯವರೆಲ್ಲ ಹೆದರಿದೆವು. ಸುಣ್ಣದ ಚುಕ್ಕೆಗಳು ಇನ್ನೂ ಎದ್ದು ಕಾಣತೊಡಗಿದವು. ಡಾಕ್ಟರು ಮೊದಲೇ ಹೇಳಿದ್ದರು, ಬರಬರುತ್ತ ಉಳಿದ ಹಲ್ಲೂ ತಿಳಿಯಾಗಿ ಒಂದಕ್ಕೊಂದು ಹೊಂದುತ್ತದೆಂದು. ಮೊದಲ ಕೋಟ್ ಒಣಗುವವರೆಗೆ ಗೋಡೆಯೂ ಹಾಗೇ ಕಾಣುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ನಿಜವಾದ ಕಷ್ಟ ಬಂದದ್ದು ಪಥ್ಯದಲ್ಲಿ. ಚಹಾ ಕೂಡದು, ಅರಿಶಿನ ಕೂಡದು, ಕೆಂಪು ಚಟ್ನಿ ಕೂಡದು. ಬಳ್ಳಾರಿಯಲ್ಲಿದ್ದುಕೊಂಡು ಒಗ್ಗರಣೆ ಮಂಡಕ್ಕಿ ಮಿರ್ಚಿ ತಿನ್ನದೆ ಇರುವುದೆಂದರೆ ಏನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಗಡಿಯ ಎದುರಿನ ಗಾಡಿಯಲ್ಲಿ ಹಳದಿ ಹಳದಿ ಮಂಡಕ್ಕಿ ಕಲಸುವುದನ್ನು ನೋಡುತ್ತ ನಾನು ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದೆ. ಬೆಳ್ಳಗಿನದೆಲ್ಲ ತಿನ್ನಬಹುದಿತ್ತು: ಅನ್ನ, ಮೊಸರು, ಜೋಳದ ರೊಟ್ಟಿ. ಹತ್ತಿರದ ಮೋಕ ಊರಿನಲ್ಲಿ ಹಳೆಯ ಗಿರಾಕಿಯೊಬ್ಬರ ಹೊಸ ಮನೆಗೆ ಬಣ್ಣ ಕಳಿಸಿ, ನೋಡಲು ಹೋದೆ. ಮನೆಯ ಯಜಮಾನ ಮಲ್ಲನಗೌಡರು ಚಹಾ ತರಿಸಿದರು. ಬೇಡವೆಂದೆ.

“ಯಾಕ್ರಿ ಸಾಹೇಬ್ರ, ಶುಗರ್ ಐತೇನು?”

“ಇಲ್ರಿ ಗೌಡ್ರ.”

“ಹಂಗಾರ ನಮ್ಮ ಮ್ಯಾಲೆ ಸಿಟ್ಟೇನು?”

ಹಲ್ಲಿಗೆ ಬಣ್ಣ ಹಚ್ಚಿಸ್ತಿದೀನಿ ಎಂದು ಹೇಳುವುದು ಹೇಗೆ? ಶುಗರ್ ಇದೆ ಎಂದೇ ಒಪ್ಪಿಕೊಂಡೆ. ಅವರು ಮರುಕಪಟ್ಟು ಹಾಗಲಕಾಯಿಯ ರಸ ಕುಡಿಸಿ ಕಳಿಸಿದರು.

ಕೆಲಸ ಮುಗಿದಾಗ ಮಗಳು ಡಾಕ್ಟರ ಎದುರು ಬೆರಳಿಟ್ಟ ಬಿಳಿಯೇನೂ ಬರಲಿಲ್ಲ. ಅದರ ಎರಡು ಮನೆ ಕೆಳಗೆ ನಿಂತಿತು. ಸೂಕ್ಷ್ಮವಾಗಿ ನೋಡಿದರೆ ಒಂದು ಹಲ್ಲಿನಲ್ಲಿ ಪಟ್ಟೆಯ ನೆರಳು ಇನ್ನೂ ಇದೆ. ಕಾಲ ಹೋದ ಹಾಗೆ ಮತ್ತೆ ಸ್ವಲ್ಪ ಮಬ್ಬಾಗುತ್ತದೆ, ಆಗಾಗ ಟ್ರೇ ಇಟ್ಟುಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದಾರೆ. ಗೋಡೆಗೂ ಒಂದು ಗ್ಯಾರಂಟಿ ಅವಧಿ ಇರುತ್ತದಲ್ಲ. ಶಾಹೀನಾ ಹೊಸ ವಿಡಿಯೋ ಮಾಡಿದಳು. ಈ ಸಲ ಯಾರೂ ಹಲ್ಲಿನ ಮಾತೆತ್ತಲಿಲ್ಲ, ನನ್ನ ಬೋಳುತಲೆಯ ಮಾತೆತ್ತಿದರು.

ಉಳಿದದ್ದು ಸಿರುಗುಪ್ಪ. ರಮಜಾನಿಗೆ ಮುಂಚೆ ಅವ್ವನಿಗೆ ಸೀರೆ, ಖರ್ಜೂರ, ಶ್ಯಾವಿಗೆ ಕೊಟ್ಟು ಬರುವುದು ನಮ್ಮಲ್ಲಿ ಪದ್ಧತಿ. ಹೋಗದೆ ಇರುವಂತಿಲ್ಲ. ಹೋದರೆ ಬಾಯಿ ಮುಚ್ಚಿಕೊಂಡು ಕೂಡುವಂತಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ‘ಚಹಾದ ಕಲೆ, ಚಹಾದ ಕಲೆ’ ಎಂದು ಪಾಠ ಮಾಡಿಕೊಂಡೆ. ನನಗೆ ಬಹಳ ಅಂಜಿಕೆಯಾಗಿತ್ತು.

ಅವ್ವ ಬಾಗಿಲ ಹತ್ತಿರದ ಹೊರಸಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಉಳಿದಿರುವ ನಾಲ್ಕು ಹಲ್ಲೂ ಎಲೆಅಡಿಕೆಯಿಂದ ಇಟ್ಟಿಗೆಯಂತೆ ಕೆಂಪು. ಅದನ್ನು ಅವಳು ಕಲೆ ಎಂದು ಯಾವತ್ತೂ ಒಪ್ಪಿದವಳಲ್ಲ. ನಾನು ಸಲಾಮು ಹೇಳುವಷ್ಟರಲ್ಲೇ ಅವಳ ಕಣ್ಣು ನನ್ನ ಬಾಯಿಗೆ ಹೋಯಿತು. ಹತ್ತಿರ ಕರೆದಳು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು, ಬೆರಳಿನಿಂದ ಮುಂದಿನ ಹಲ್ಲನ್ನು ಒತ್ತಿ ನೋಡಿದಳು.

“ಕಟ್ಟಿಸಿದ ಹಲ್ಲೇನಲೇ?”

“ಇಲ್ಲವ್ವ, ನನ್ನವ. ಬಳ್ಳಾರ್ಯಾಗ ಡಾಕ್ಟ್ರು ಬೆಳ್ಳಗ ಮಾಡಿದ್ರು.”

“ಯಾತರ ಕಲಿ ಅಂದ್ರು ಅವ್ರು?”

“ಚಾದ್ದಂತವ್ವ.”

ಅವ್ವ ನನ್ನ ಗದ್ದ ಬಿಡಲಿಲ್ಲ. “ಏಳು ವರ್ಷದ ಹುಡುಗಗ ನಾ ಯಾವಾಗ ಚಾ ಕುಡಿಸೀನಿ?”

ಬಾಗಿಲಲ್ಲಿ ನಿಂತಿದ್ದ ಅಕ್ಕ ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ನಡೆದುಬಿಟ್ಟಳು. ಉಳಿದ ಬಣ್ಣವನ್ನು ಹೊಸ ಫ್ಯಾಷನ್ ಎಂದು ಹೇಳಿ ಮಾರುವ ಮನುಷ್ಯ ನಾನು. ಅವ್ವನ ಮುಂದೆ ಮಾತ್ರ ಎರಡನೇ ಸುಳ್ಳು ಹುಟ್ಟಲಿಲ್ಲ. ತಲೆ ತಗ್ಗಿಸಿ ಹೇಳಿದೆ. ಆ ಬೋರಿಂಗಿನ ನೀರಿನಲ್ಲಿ ಏನೋ ಇತ್ತಂತೆ, ಅದು ಯಾರಿಗೂ ಗೊತ್ತಿರಲಿಲ್ಲವಂತೆ, ಸಣ್ಣ ಮಕ್ಕಳ ಹಲ್ಲಿಗೆ ಅದು ಹಿಡಿಯುತ್ತದಂತೆ ಎಂದು ತಡವರಿಸಿದೆ. “ಆದ್ರ ಆ ನೀರು ಕುಡದ ನಾ ಉಳದೀನಿ ಅವ್ವ. ನೀ ಅದನ್ನ ಮನಸಿಗೆ ಹಚ್ಕಬ್ಯಾಡ,” ಎಂದೆ. ಬಸ್ಸಿನಲ್ಲಿ ಪಾಠ ಮಾಡಿದ್ದರಲ್ಲಿ ಈ ಮಾತು ಇರಲಿಲ್ಲ.

ಅವ್ವ ಸುಣ್ಣ ಹಚ್ಚಿದ ಎಲೆಯನ್ನು ಮಡಿಸಲಿಲ್ಲ, ಬಾಯಿಗೂ ಹಾಕಲಿಲ್ಲ.

“ನೀರಿಂದ್ ಬಿಡು,” ಎಂದಳು ಆಮೇಲೆ. “ನೀರು ತಂದಿದ್ದಕ್ಕ ನನಗೇನಿಲ್ಲ. ಒಬ್ಬನ್ನ ಕಳಕೊಂಡಿದ್ದೆ, ನೀ ಉಳದಿ, ಸಾಕು. ಅದಲ್ಲ ನಾ ಕೇಳೋದು. ತಿಕ್ಕಲಾರದ್ದಕ್ಕ ಬಂದ ಕಲಿ ಅಲ್ಲೇನು ಅದು?”

“ಅಲ್ಲವ್ವ.”

“ತಿಕ್ಕಿದ್ರೂ ಹೋಗ್ತಿದ್ದಿಲ್ಲೇನು?”

“ಹೋಗ್ತಿದ್ದಿಲ್ಲವ್ವ.”

“ಹಂಗಾರ ನೀ ತಿಕ್ಕತಿದ್ದಿ.”

“ತಿಕ್ಕತಿದ್ದೆವ್ವ,” ಎಂದೆ. “ದಿನಾ ತಿಕ್ಕತಿದ್ದೆ.”

“ಬಡದೀನಲ್ಲೋ ಯಪ್ಪಾ ನಿನ್ನ,” ಎಂದು ಅವ್ವ ನನ್ನ ಬೆನ್ನ ಮೇಲೆ ಕೈಯಾಡಿಸಿದಳು, ಅಂದಿನ ಏಟುಗಳು ಇನ್ನೂ ಅಲ್ಲೇ ಇವೆಯೇನೋ ಎಂಬಂತೆ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಓಣಿಗೆಲ್ಲ ಕೇಳುವ ಹಾಗೆ, ಕೂಗಿದಳು:

“ಏ ಹುಸೇನಮ್ಮಾ, ಬಾ ಇಲ್ಲಿ! ನಿನ್ನ ತಮ್ಮ ಹಲ್ಲ ತಿಕ್ಕತಿದ್ದಲೇ! ಖರೇನ ತಿಕ್ಕತಿದ್ದ!”